ಕಿವಿಮೊರೆತದ ಮೊದಲ ತಿಂಗಳುಗಳು: ಯಾದಗಿರಿ, ಶಹಾಪುರ, ಸುರಪುರ ಸೀಮೆಯಿಂದ ಒಂದು ಸಮೀಕ್ಷೆ

"ಕಿವ್ಯಾಗ ಗುಂಯ್ ಅಂತದ್ರೀ, ನಿಂದ್ರವಲ್ದು" ಎಂದು ಹೇಳಿಕೊಂಡು ಹೋದವರಿಗೆ ನಮ್ಮ ಕಡೆಯ ದವಾಖಾನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎರಡರಲ್ಲೊಂದು ಉತ್ತರ. ತಿಂಗಳಿಗಾಗುವಷ್ಟು ಗುಳಿಗೆ, ಇಲ್ಲವೇ "ಇದಕ್ಕ ಔಷಧ ಇಲ್ಲ, ರೂಢಿ ಆಗ್ತದ, ಹೋಗ್ರಿ" ಎಂಬ ಮಾತು. ಗುಳಿಗೆಯ ಸಂಗತಿಯನ್ನು ಮುಂದೆ ನೋಡೋಣ. ಎರಡನೆಯ ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅದು ರೋಗಿಯನ್ನು ನಡುನೀರಿನಲ್ಲಿ ಕೈಬಿಡುತ್ತದೆ. ಸದ್ದು ರೂಢಿಯಾಗುವುದು ನಿಜ. ಹೇಗೆ ರೂಢಿಯಾಗುತ್ತದೆ, ಅಲ್ಲಿಯವರೆಗೆ ರಾತ್ರಿಗಳನ್ನು ಹೇಗೆ ಕಳೆಯಬೇಕು, ಯಾವ ಸದ್ದಿಗೆ ರೂಢಿಯ ಮಾತನ್ನೇ ಆಡದೆ ಅದೇ ದಿನ ವೈದ್ಯರಲ್ಲಿಗೆ ಓಡಬೇಕು ಎಂಬುದನ್ನು ಕೂತು ತಿಳಿಸುವವರು ಬೇಕು. ಔಷಧವಿಲ್ಲ ಎಂಬುದಕ್ಕೂ ಮಾಡುವುದೇನೂ ಇಲ್ಲ ಎಂಬುದಕ್ಕೂ ನಡುವೆ ಬಹಳ ಅಂತರವಿದೆ. ಯಾದಗಿರಿ ಜಿಲ್ಲೆಯಂಥ ಕಡೆ ಎಷ್ಟೋ ಜನ ಆ ಅಂತರದಲ್ಲೇ ಸಿಕ್ಕಿಕೊಂಡು ತಿಂಗಳುಗಟ್ಟಲೆ ನಿದ್ದೆಗೆಡುತ್ತಾರೆ.

ಹೊರಗೆ ಸದ್ದಿನ ಮೂಲವಿಲ್ಲದಿದ್ದರೂ ಕಿವಿಯಲ್ಲೋ ತಲೆಯಲ್ಲೋ ಕೇಳುವ ಸದ್ದನ್ನು ವೈದ್ಯರು ಟಿನ್ನಿಟಸ್ ಎನ್ನುತ್ತಾರೆ. ಕೆಲವರಿಗೆ ಸೀಟಿ ಊದಿದಂತೆ, ಕೆಲವರಿಗೆ ಜೀರುಂಡೆಯ ಚೀರಿನಂತೆ, ಕೆಲವರಿಗೆ ಕುಕ್ಕರಿನ ಉಗಿಯಂತೆ ಕೇಳುತ್ತದೆ. ಇದು ಹೊಸ ಕಾಲದ ಬೇನೆಯಲ್ಲ. ಆಯುರ್ವೇದದ ಗ್ರಂಥಗಳು ಕಿವಿಯ ರೋಗಗಳ ನಡುವೆ ಕರ್ಣನಾದ, ಕರ್ಣಕ್ಷ್ವೇಡ ಎಂದು ಇದನ್ನು ಬೇರೆಬೇರೆಯಾಗಿ ಗುರುತಿಸಿವೆ. ಅಪರೂಪದ್ದೂ ಅಲ್ಲ. ಜಗತ್ತಿನ ಹಲವು ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಶೇಕಡಾ 14 ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಇದು ಕೇಳಿದೆ. 74 ಕೋಟಿಗೂ ಹೆಚ್ಚು ಜನ. ಬದುಕನ್ನೇ ಕಾಡುವಷ್ಟು ತೀವ್ರವಾಗಿರುವುದು ಶೇಕಡಾ 2ರ ಆಸುಪಾಸು. ಆ ಪ್ರಮಾಣವನ್ನೇ ಇಲ್ಲಿಗೂ ಹಚ್ಚಿದರೆ, 2011ರ ಜನಗಣತಿಯಲ್ಲಿ 11,74,271 ಜನರಿದ್ದ ನಮ್ಮ ಜಿಲ್ಲೆಯಲ್ಲೇ ಹೀಗೆ ಕಾಡಿಸಿಕೊಂಡವರು ಸಾವಿರಾರು ಮಂದಿ ಇರಬೇಕು. ಅವರಲ್ಲಿ ಬಹುತೇಕರು ತಮ್ಮೊಬ್ಬರಿಗೇ ಹೀಗಾಗಿದೆ ಎಂದುಕೊಂಡಿದ್ದಾರೆ. ಪಕ್ಕದಲ್ಲಿ ಮಲಗಿದ ಹೆಂಡತಿಗೂ ಗಂಡನಿಗೂ ಕೇಳದ ಸದ್ದು ಇದು. ಹೊರಗೆ ಗಾಯವಿಲ್ಲ, ಬಾವು ಇಲ್ಲ. ಹೇಳಿದರೆ ನಂಬುವವರೂ ಕಡಿಮೆ.

1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಕಿವಿ ಸರಿಯಿದ್ದ 80 ಮಂದಿಯನ್ನು ಸದ್ದೇ ಹೊಗದ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಕೇಳಿದ್ದನ್ನು ಬರೆಯಲು ಹೇಳಿದರು. ಶೇಕಡಾ 94 ಮಂದಿ ಏನಾದರೊಂದು ಸದ್ದು ಕೇಳಿಸಿತು ಎಂದರು. ಮನುಷ್ಯನ ಶ್ರವಣವ್ಯವಸ್ಥೆ ಪೂರ್ತಿ ನಿಶ್ಶಬ್ದವಾಗಿರುವುದೇ ಇಲ್ಲ. ಹೊಸದಾಗಿ ಸದ್ದು ಶುರುವಾದವರಿಗೆ ಮೊದಲು ಹೇಳಬೇಕಾದ ಸಂಗತಿ ಇದೇ ಎಂದು ನನಗನ್ನಿಸುತ್ತದೆ.

ಕಾರಣಗಳಿಗೆ ಬರೋಣ. ಒಳಕಿವಿಯ ಶಂಖದಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ವಯಸ್ಸಿನಿಂದಲೋ ಗದ್ದಲದಿಂದಲೋ ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಬರಬೇಕಾದ ಸಂಕೇತ ಕಡಿಮೆಯಾದಾಗ ಮಿದುಳಿನ ಶ್ರವಣಕೇಂದ್ರಗಳು ಸುಮ್ಮನಿರುವುದಿಲ್ಲ. ತಮ್ಮ ಗ್ರಹಿಕೆಯನ್ನು ಏರಿಸಿಕೊಳ್ಳುತ್ತವೆ. ನಾರಾಯಣಪುರ ಕಾಲುವೆಯ ಕೊನೆಯ ಹೊಲದವನು ನೀರು ಬಾರದಿದ್ದಾಗ ತೂಬನ್ನು ಪೂರ್ತಿ ಎತ್ತಿಬಿಡುತ್ತಾನಲ್ಲ, ಆಗ ನೀರಿಗಿಂತ ಕೆಸರು ಕಸವೇ ಮೊದಲು ಹರಿದುಬರುತ್ತದೆ. ಕಿವಿಮೊರೆತವೂ ಮಿದುಳು ಹೀಗೆ ತೂಬೆತ್ತಿದಾಗ ನುಗ್ಗಿದ ಕೆಸರು. ಅದಕ್ಕೇ ಶ್ರವಣಶಕ್ತಿ ಯಾವ ಸ್ವರಮಟ್ಟದಲ್ಲಿ ಕುಗ್ಗಿದೆಯೋ ಸಾಮಾನ್ಯವಾಗಿ ಮೊರೆತವೂ ಅದರ ಆಸುಪಾಸಿನಲ್ಲೇ ಕೇಳುತ್ತದೆ. ನರದ ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ಶ್ರವಣನರವನ್ನೇ ಕತ್ತರಿಸಬೇಕಾಗಿ ಬಂದ ರೋಗಿಗಳಲ್ಲೂ ಅನೇಕರಿಗೆ ಸದ್ದು ನಿಲ್ಲಲಿಲ್ಲ. ಮೂಲ ಕಿವಿಯಲ್ಲಿದ್ದರೂ ಸದ್ದು ನೆಲೆ ನಿಲ್ಲುವುದು ಮಿದುಳಿನಲ್ಲಿ.

"ಟೆಸ್ಟ್ ಮಾಡಿಸಿದ್ರ ಎಲ್ಲಾ ನಾರ್ಮಲ್ ಅಂದ್ರು, ಮತ್ತ ಇದ್ಯಾಕ?" ಎಂದು ಕೇಳುವ ಹುಡುಗರಿದ್ದಾರೆ. 2009ರಲ್ಲಿ ಕುಜಾವಾ ಮತ್ತು ಲಿಬರ್‌ಮನ್ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಗದ್ದಲದ ನಂತರ ಶ್ರವಣಮಟ್ಟ ಮೊದಲಿನಂತೆ ಆದರೂ ರೋಮಕೋಶಕ್ಕೂ ನರಕ್ಕೂ ನಡುವಿನ ಬೆಸುಗೆಗಳು ಬಹಳಷ್ಟು ಕಳಚಿಹೋಗಿದ್ದು ಕಂಡುಬಂತು. ಮಾಮೂಲಿ ಪರೀಕ್ಷೆಗೆ ಸಿಗದ ಹಾನಿ ಇರಬಹುದು. ಆ ಹುಡುಗ ಸುಳ್ಳು ಹೇಳುತ್ತಿಲ್ಲ.

ಆ ಹುಡುಗನ ಕಿವಿಗೆ ಏನೇನು ಬಿದ್ದಿರಬಹುದು? ನಮ್ಮ ಸೀಮೆ ಹೊರಗಿನವರ ಕಣ್ಣಿಗೆ ಬಿಸಿಲು, ಬಂಡೆ, ಹತ್ತಿಹೊಲಗಳ ಮೌನದ ಊರು. ಒಳಗಿದ್ದವರಿಗೆ ಗೊತ್ತು ಇಲ್ಲಿ ಎಷ್ಟು ಗದ್ದಲವಿದೆ ಎಂದು. ಶಹಾಪುರದ ಕಡೆ ಹತ್ತಿ ಜಿನ್ನಿಂಗ್ ಮಿಲ್ಲುಗಳು, ಕಾಲುವೆ ನೀರು ಬಂದ ಮೇಲೆ ಎದ್ದ ರೈಸ್ ಮಿಲ್ಲುಗಳು, ಕಲ್ಲು ಕ್ರಷರ್‌ಗಳು, ಬೋರ್‌ವೆಲ್ ಲಾರಿಗಳು, ತೊಗರಿ ರಾಶಿಯ ಮಷಿನ್ನುಗಳು. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನ ಮೇಲೆ ದಿನವಿಡೀ ಕೂರುವವನ ಕಿವಿಗೆ ಎಂಜಿನ್ನಿನ ಸದ್ದು ಸಾಲದೆಂಬಂತೆ, ಅದನ್ನೂ ಮೀರಿಸುವ ಡೆಕ್ಕು, ದೊಡ್ಡ ಸ್ಪೀಕರ್ ಡಬ್ಬಿಗಳು ಬೇರೆ. ಮದುವೆ ಮೆರವಣಿಗೆ, ಗಣೇಶೋತ್ಸವ, ಮೊಹರಂ, ಜಾತ್ರೆ ಎಲ್ಲದಕ್ಕೂ ಡಿಜೆ ಬಂದಿದೆ. ಹಲಗೆ, ಡೊಳ್ಳುಗಳ ಸದ್ದು ಎಂದೂ ಸಣ್ಣದಿರಲಿಲ್ಲ. ಆದರೆ ಬಡಿಯುವವನ ಕೈ ಸೋಲುತ್ತಿತ್ತು, ನಡುವೆ ಬಿಡುವು ಬರುತ್ತಿತ್ತು. ಆಂಪ್ಲಿಫಯರಿಗೆ ಕೈ ಸೋಲುವುದಿಲ್ಲ.

ಅಂತರರಾಷ್ಟ್ರೀಯ ಲೆಕ್ಕವೊಂದಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು, ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುತ್ತದೆ. 94ಕ್ಕೆ ಒಂದು ತಾಸು, 100ಕ್ಕೆ ಹದಿನೈದು ನಿಮಿಷ. ಡಿಜೆ ಡಬ್ಬಿಯ ಮುಂದೆ ರಾತ್ರಿಯೆಲ್ಲ ಕುಣಿಯುವ ಹುಡುಗರ ಹದಿನೈದು ನಿಮಿಷ ಮೊದಲ ಹಾಡುಗಳಲ್ಲೇ ಮುಗಿದಿರುತ್ತದೆ. ನಮ್ಮ ಕಾರ್ಖಾನೆ ನಿಯಮಗಳು 8 ತಾಸಿಗೆ 90 ಡೆಸಿಬೆಲ್‌ವರೆಗೆ ಬಿಡುತ್ತವೆ, ಅದೇ ಸಡಿಲ. ದೀಪಾವಳಿ ಮುಗಿಸಿ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ನಮ್ಮ ಜನ ಕಟ್ಟಡಗಳಲ್ಲಿ ಬ್ರೇಕರ್ ಹಿಡಿದು ನಿಲ್ಲುವಾಗ ಆ ಸಡಿಲ ನಿಯಮವನ್ನಾದರೂ ಪಾಲಿಸುವವರಾರು? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕೊಡುವ ಕಿಟ್‌ಗಳಲ್ಲಿ ಕೆಲವೇ ರೂಪಾಯಿಯ ಫೋಮಿನ ಕಿವಿಬಿರಡೆಯೂ ಇರುವಂತಾಗಬೇಕು. ಕಿವಿಗೆ ತುರುಕಿಕೊಳ್ಳುವ ಹತ್ತಿ ಬಿರಡೆಯ ಕೆಲಸ ಮಾಡುವುದಿಲ್ಲ.

ಗದ್ದಲವೊಂದೇ ಕಾರಣವಲ್ಲ. ಗುಗ್ಗೆ ಗಟ್ಟಿಯಾಗಿ ಕಟ್ಟಿಕೊಂಡರೂ ಸದ್ದು ಬರುತ್ತದೆ. ಅದನ್ನು ತೆಗೆಸಿದರೆ ಹೋಗುತ್ತದೆ. ಬಾಲ್ಯದಲ್ಲಿ ಕಿವಿ ಸೋರಿದವರ ಕಿವಿತಮಟೆಯಲ್ಲಿ ತೂತು ಉಳಿದಿರಬಹುದು. ಸ್ಟ್ರೆಪ್ಟೊಮೈಸಿನ್, ಕೆನಾಮೈಸಿನ್, ಅಮಿಕಾಸಿನ್ ಚುಚ್ಚುಮದ್ದುಗಳು ಕ್ಷಯರೋಗಿಗಳ ಜೀವ ಉಳಿಸಿವೆ, ಕೆಲವರ ಶ್ರವಣವನ್ನು ಕಸಿದಿವೆ. ಮಲೇರಿಯಾಕ್ಕೆ ಕೊಡುವ ಕ್ವಿನೈನ್, ಹೆಚ್ಚು ಪ್ರಮಾಣದ ಆಸ್ಪಿರಿನ್, ಕ್ಯಾನ್ಸರಿನ ಸಿಸ್‌ಪ್ಲಾಟಿನ್ ಕೂಡ ಕಿವಿಯಲ್ಲಿ ಸದ್ದು ಎಬ್ಬಿಸಬಲ್ಲವು. ಯಾವುದಾದರೂ ಮಾತ್ರೆ ಶುರುವಾದ ಮೇಲೆ ಸದ್ದು ಬಂದಿದ್ದರೆ ತಾವೇ ನಿಲ್ಲಿಸಬಾರದು, ಕೊಟ್ಟ ವೈದ್ಯರಿಗೆ ಹೇಳಬೇಕು. ದವಡೆ ಬಿಗಿಹಿಡಿಯುವ ಅಭ್ಯಾಸ, ಕುತ್ತಿಗೆಯ ನೋವು ಸದ್ದನ್ನು ಏರಿಳಿಸುವುದೂ ಉಂಟು.

ಹೆಂಗಸರ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎದೆಬಡಿತದ ಲಯಕ್ಕೇ ಸರಿಯಾಗಿ ಕಿವಿಯಲ್ಲಿ ಹುಸ್ಸ್ ಹುಸ್ಸ್ ಎಂದು ಕೇಳುತ್ತಿದ್ದರೆ ಅದು ಬೇರೆ ಜಾತಿಯ ಸದ್ದು. ರಕ್ತಹೀನತೆ, ಥೈರಾಯ್ಡ್, ರಕ್ತದೊತ್ತಡ, ಅಪರೂಪಕ್ಕೆ ರಕ್ತನಾಳದ ದೋಷ ಇದರ ಹಿಂದಿರಬಹುದು. ಕಲ್ಯಾಣ ಕರ್ನಾಟಕದ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ವ್ಯಾಪಕ ಎಂಬುದನ್ನು ಬಲ್ಲ ಆಶಾ ಕಾರ್ಯಕರ್ತೆಯರು, "ತಲೀ ತಿರಗತದ, ಕಿವ್ಯಾಗ ಹುಸ್ಸ್ ಅಂತದ" ಎಂದವಳಿಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲೇಬೇಕು. ಬಸುರಿಯಾದಾಗ ಕಿವಿ ಮಂದವಾಗುತ್ತ ಸದ್ದು ಹೆಚ್ಚಿದರೆ ಒಟೊಸ್ಕ್ಲೆರೋಸಿಸ್ ಎಂಬ, ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾದ ತೊಂದರೆ ಇರಬಹುದು. ಮನೆಗೆಲಸದ ನಡುವೆ ಇದನ್ನೆಲ್ಲ ನುಂಗಿಕೊಂಡು ಕೂರುವುದು ನಮ್ಮ ತಾಯಂದಿರ ರೂಢಿ. ಅದು ಬಿಡಬೇಕಾದ ರೂಢಿ.

ಇನ್ನು ಓಡಲೇಬೇಕಾದ ಸಂದರ್ಭ. ಒಂದು ಕಿವಿ ಇದ್ದಕ್ಕಿದ್ದಂತೆ, ಒಂದೆರಡು ದಿನಗಳೊಳಗೆ ಮಂದವಾಗಿ ಅದರೊಂದಿಗೆ ಸದ್ದು ಶುರುವಾಯಿತೆಂದರೆ ಅದು ತುರ್ತು. ಮುಂಜಾನೆ ಎದ್ದು ಫೋನ್ ಕಿವಿಗಿಟ್ಟಾಗ ಆ ಕಡೆಯ ಕಿವಿ ಕೇಳುವುದೇ ಇಲ್ಲ ಎಂದು ಗೊತ್ತಾಗುವುದು ಸಾಮಾನ್ಯ. ನೆಗಡಿಯಿಂದ ಕಿವಿ ಕಟ್ಟಿದೆ ಎಂದು ವಾರಗಟ್ಟಲೆ ಕಾಯುವುದೇ ಇಲ್ಲಿ ನಡೆಯುವ ದೊಡ್ಡ ಅನಾಹುತ. ಇದಕ್ಕೆ ಸ್ಟಿರಾಯ್ಡ್ ಚಿಕಿತ್ಸೆಯನ್ನು ಎರಡು ವಾರಗಳೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಶುರುಮಾಡಬೇಕೆಂದು ತಜ್ಞರು ಹೇಳುತ್ತಾರೆ. ಆ ಅವಧಿ ದಾಟಿದ ಮೇಲೆ ಹೈದರಾಬಾದಿಗೆ ಹೋದರೂ ಸೊಲ್ಲಾಪುರಕ್ಕೆ ಹೋದರೂ ಪ್ರಯೋಜನ ಕಡಿಮೆ. ಒಂದೇ ಕಿವಿಯಲ್ಲಿ ನೆಲೆ ನಿಂತ ಸದ್ದು, ಗಿರಗಿರನೆ ತಲೆಸುತ್ತು, ಮುಖದ ಒಂದು ಬದಿಯ ಬಲಹೀನತೆ, ತಲೆಗೆ ಪೆಟ್ಟಾದ ನಂತರ ಬಂದ ಸದ್ದು, ಕಿವಿಯಿಂದ ರಕ್ತ ಅಥವಾ ಕೀವು, ಇವುಗಳಿಗೂ ತಡಮಾಡದೆ ಪರೀಕ್ಷೆ ಬೇಕು.

ಮನೆಮದ್ದಿನ ಮಾತು ಬಿಡುವಂತಿಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವುದು ನಮ್ಮಲ್ಲಿ ಮನೆಮನೆಯ ಪದ್ಧತಿ. ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ನಡುಗಿವಿಗೆ ಇಳಿದು ಸೋಂಕು ತರುತ್ತದೆ. ಬಿಸಿ ಹೆಚ್ಚಾದರೆ ಸುಡುತ್ತದೆ. ಹೇರ್‌ಪಿನ್ನು, ಕಡ್ಡಿ ಹಾಕುವುದು, ಸಂತೆಯಲ್ಲಿ ಗುಗ್ಗೆ ತೆಗೆಸಿಕೊಳ್ಳುವುದು ಇನ್ನೂ ಕೆಟ್ಟದ್ದು. ತಾಯತ ಕಟ್ಟಿಸಿಕೊಂಡರೆ ಕಿವಿಗೆ ಹಾನಿಯಿಲ್ಲ, ಆದರೆ ಆ ಎರಡು ವಾರ ಅದರಲ್ಲೇ ಕಳೆದುಹೋಗಬಾರದು. ಕೆಲವೆಡೆ "ಗಾಳಿ ಸೋಕ್ಯಾದ" ಎಂದುಬಿಡುತ್ತಾರೆ. ಗುಂಯ್, ಸೀಟಿ, ಹುಸ್ಸ್ ಎಂಬ ಬರಿಯ ಸದ್ದು ಮನೋರೋಗದ ಗುರುತಲ್ಲ. ಯಾರೋ ಮಾತಾಡಿದಂತೆ, ಆಜ್ಞೆ ಮಾಡಿದಂತೆ ಕೇಳುವುದು ಬೇರೆ. ಅದಕ್ಕೆ ಮಾನಸಿಕ ತಜ್ಞರಿದ್ದಾರೆ.

ಮೊದಲು ಹೇಳಿದ ಗುಳಿಗೆಗಳಿಗೆ ಬರುತ್ತೇನೆ. ನಮ್ಮಲ್ಲಿ ಅತಿ ಹೆಚ್ಚು ಬರೆದುಕೊಡುವ ಬೀಟಾಹಿಸ್ಟಿನ್ ಮೆನಿಯರ್ ಕಾಯಿಲೆಯ ತಲೆಸುತ್ತಿಗೆ ಬಳಸುವ ಮಾತ್ರೆ. ಕೇವಲ ಕಿವಿಮೊರೆತಕ್ಕೆ ಅದರಿಂದ ಪ್ರಯೋಜನವಿದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2020ರಲ್ಲಿ ಅದನ್ನು ಕೊಡಬೇಡಿ ಎಂದೇ ಹೇಳಿತು. ಗಿಂಕೊ ಎಲೆಯ ಸಾರವೂ, ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2022ರ ಪರಿಶೀಲನೆಯಲ್ಲಿ ಅಷ್ಟಕ್ಕಷ್ಟೇ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಘದ 2014ರ ಮಾರ್ಗಸೂಚಿ ಗಿಂಕೊ, ಮೆಲಟೋನಿನ್, ಸತು ಯಾವುದನ್ನೂ ಶಿಫಾರಸು ಮಾಡುವುದಿಲ್ಲ. ಬಿ12 ಕೊರತೆಯಿದ್ದವರು ಆ ಕೊರತೆಗಾಗಿ ತೆಗೆದುಕೊಳ್ಳಲಿ, ಸದ್ದು ನಿಲ್ಲುತ್ತದೆ ಎಂಬ ಆಸೆಯಿಂದಲ್ಲ. ಚಹಾ ಬಿಡಬೇಕೇ ಎಂದು ಬಹಳ ಜನ ಕೇಳುತ್ತಾರೆ. ಬಿಟ್ಟರೆ ಸದ್ದು ಕಡಿಮೆಯಾಗುತ್ತದೆ ಎಂದು ಸಾಬೀತಾಗಿಲ್ಲ. ನಿದ್ದೆಗಾಗಿ ಸಂಜೆಯ ಕಪ್ಪನ್ನು ಬಿಟ್ಟರೆ ಸಾಕು. ಕೂಲಿಯ ದುಡ್ಡಿನಲ್ಲಿ ತಿಂಗಳು ತಿಂಗಳು ಮಾತ್ರೆ ಕೊಳ್ಳುವ ಮನೆಗಳಿಗೆ ಈ ಸತ್ಯವನ್ನು ಹೇಳದಿರುವುದು ಅನ್ಯಾಯ.

ಹಾಗಾದರೆ ಉಪಯೋಗಕ್ಕೆ ಬರುವುದೇನು? ಇದನ್ನು ಅರಿಯಲು ಒಂದು ವಿಚಿತ್ರ ಸತ್ಯದಿಂದ ಹೊರಡಬೇಕು. ಯಂತ್ರದ ಸದ್ದಿಗೆ ಹೋಲಿಸಿ ಅಳೆದರೆ ಬಹುಪಾಲು ಜನರ ಮೊರೆತ ಅವರ ಕೇಳುವ ಮಿತಿಗಿಂತ ಕೆಲವೇ ಡೆಸಿಬೆಲ್ ಮೇಲಿರುತ್ತದೆ, ಪಿಸುಮಾತಿನಷ್ಟೂ ಇರದು. ಹೀಗೆ ಅಳೆದ ಜೋರಿಗೂ ಮನುಷ್ಯ ಪಡುವ ಸಂಕಟಕ್ಕೂ ಸರಿಯಾದ ಹೊಂದಿಕೆಯಿಲ್ಲ. ಒಂದೇ ಅಳತೆಯ ಸದ್ದಿಗೆ ಒಬ್ಬ ಮೂರು ತಿಂಗಳು ನಿದ್ದೆಗೆಟ್ಟರೆ ಇನ್ನೊಬ್ಬ ಹೊಲಕ್ಕೆ ಹೋಗಿ ಬರುತ್ತಾನೆ. ಜಾಸ್ಟ್ರೆಬೋಫ್ ಎಂಬ ನರವಿಜ್ಞಾನಿ 1990ರಲ್ಲಿ ಮುಂದಿಟ್ಟ ವಿವರಣೆ ಈ ವ್ಯತ್ಯಾಸವನ್ನು ಹಿಡಿಯಿತು: ಸದ್ದು ಅಪಾಯದ ಸುದ್ದಿ ಎಂದು ಮಿದುಳು ತೀರ್ಮಾನಿಸಿದರೆ ಎಚ್ಚರದ ವ್ಯವಸ್ಥೆ ಜಾಗೃತವಾಗಿ ಗಮನವೆಲ್ಲ ಅದರ ಮೇಲೆ ನೆಡುತ್ತದೆ, ಗಮನ ನೆಟ್ಟಷ್ಟೂ ಸದ್ದು ದೊಡ್ಡದಾಗುತ್ತದೆ, ಭಯ ಹೆಚ್ಚುತ್ತದೆ. ಅದು ನಿರುಪದ್ರವಿ ಎಂದು ಮಿದುಳಿಗೆ ಖಾತ್ರಿಯಾದರೆ ಗೋಡೆ ಗಡಿಯಾರದ ಟಿಕ್‌ಟಿಕ್ಕಿನ ಹಾಗೆ ಹಿನ್ನೆಲೆಗೆ ಸರಿಯುತ್ತದೆ.

ನಮ್ಮ ನಾಡಿನ ಅನುಭವವೇ ಇದಕ್ಕೆ ಬೆಂಬಲ ಕೊಡುತ್ತದೆ. ತಿಂಥಣಿಯ ಮೌನೇಶ್ವರ, ಕೊಡೇಕಲ್ ಬಸವಣ್ಣನವರಂಥ ಸಂತರ ನೆಲ ಇದು. ಒಳಗಿನ ನಾದವನ್ನು ಆಲಿಸುವ ಸಾಧನೆಯ ಮಾತು ಇಲ್ಲಿಯವರಿಗೆ ಹೊಸದಲ್ಲ. ಹಠಯೋಗ ಪ್ರದೀಪಿಕೆಯ ನಾಲ್ಕನೆಯ ಉಪದೇಶದಲ್ಲಿ ಕಡಲಿನ ಮೊರೆತ, ಶಂಖ, ಗಂಟೆ, ಕೊಳಲು, ದುಂಬಿಯ ಝೇಂಕಾರ ಎಂದು ಒಳನಾದಗಳ ಸಾಲೇ ಇದೆ. ಯೋಗಿಯ ನಾದವೂ ರೋಗಿಯ ಮೊರೆತವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕಿವಿ ಹಾಳಾದವನಿಗೆ "ನಾದ ಕೇಳಾಕತ್ಯಾದ, ಪುಣ್ಯ ಮಾಡೀದಿ" ಎಂದು ಸಮಾಧಾನ ಹೇಳಿ ಪರೀಕ್ಷೆ ತಪ್ಪಿಸುವುದು ತಪ್ಪು. ಆದರೆ ಒಳಗಿನಿಂದ ಕೇಳುವ ಸದ್ದೆಂದರೆ ಅದು ಹೆದರಿಸಲೇಬೇಕು ಎಂಬ ನಿಯಮವಿಲ್ಲ ಎಂಬುದನ್ನು ಈ ಪರಂಪರೆ ಬಲ್ಲದು. ಭ್ರಾಮರಿ ಪ್ರಾಣಾಯಾಮ ಮೊರೆತವನ್ನು ಗುಣಪಡಿಸದು; ಬಿಗಿದ ಮೈಯನ್ನು ಸಡಿಲಿಸಲು, ನಿದ್ದೆಯ ಮೊದಲು ಮನಸ್ಸು ತಣಿಯಲು ಒಳ್ಳೆಯದು.

ಸದ್ದಿನೊಂದಿಗಿನ ಸಂಬಂಧವನ್ನು ಬದಲಿಸುವ ಕೆಲಸವನ್ನೇ ಮನಶ್ಶಾಸ್ತ್ರಜ್ಞರು ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಕ್ರಮವಾಗಿ ಮಾಡುತ್ತಾರೆ. 2020ರ ಕಾಕ್ರೇನ್ ಪರಿಶೀಲನೆ 28 ಅಧ್ಯಯನಗಳನ್ನು, 2,733 ಜನರನ್ನು ಒಟ್ಟಿಗೆ ನೋಡಿ, ಈ ಚಿಕಿತ್ಸೆ ಮೊರೆತದಿಂದ ಬದುಕಿಗಾಗುವ ತೊಂದರೆಯನ್ನು ಕಡಿಮೆ ಮಾಡಬಲ್ಲದು ಎಂದಿತು. ದೀರ್ಘಕಾಲ ಆ ಫಲ ಉಳಿಯುತ್ತದೆಯೇ ಎಂಬುದಕ್ಕೆ ಆಧಾರ ಇನ್ನೂ ತೆಳುವಾಗಿದೆ. ಆದರೂ ಇಷ್ಟು ಆಧಾರವಿರುವ ಬೇರೆ ಉಪಾಯ ಇಲ್ಲ. ಅದರ ತಿರುಳು ಸರಳ. ಮೊದಲ ವಾರಗಳಲ್ಲಿ ಮನಸ್ಸು ಹೇಳುವ ಮಾತುಗಳನ್ನು ಹೊರಗಿಟ್ಟು ನೋಡುವುದು. "ತಲೀಯೊಳಗ ಗಡ್ಡಿ ಆಗ್ಯಾದ": ಪರೀಕ್ಷೆಯಾಗಿ ಇಲ್ಲ ಎಂದು ಗೊತ್ತಾದ ಮೇಲೂ ಇದನ್ನೇ ನಂಬಬೇಕೇ? "ಹಿಂಗ ಹೆಚ್ಚಾಗಿ ಪೂರಾ ಕಿವುಡ ಆಗ್ತೀನಿ": ಮೊರೆತ ಕಿವುಡುತನವನ್ನು ಉಂಟುಮಾಡುವುದಿಲ್ಲ. "ಇನ್ನ ಎಂದೂ ನಿದ್ದಿ ಬರಂಗಿಲ್ಲ": ನಿನ್ನೆ ಎರಡು ತಾಸಾದರೂ ಬಂದಿತ್ತಲ್ಲ, ಆಗಲೂ ಸದ್ದಿತ್ತಲ್ಲ. ಇಂಥ ಮಾತುಕತೆಯನ್ನು ತರಬೇತಾದವರೊಂದಿಗೆ ಮಾಡಿದರೆ ಉತ್ತಮ. ಸಿಗದಿದ್ದರೆ ನಂಬಿಕೆಯ ಒಬ್ಬರೊಂದಿಗಾದರೂ ಶುರುಮಾಡಬಹುದು.

ರಾತ್ರಿಯೇ ಎಲ್ಲರ ಕಷ್ಟ. ಹಗಲಿನ ಗಲಾಟೆಯಲ್ಲಿ ಮರೆಯಾದದ್ದು ದೀಪ ಆರಿಸಿದ ಕೂಡಲೇ ಎದ್ದು ನಿಲ್ಲುತ್ತದೆ. ಸುತ್ತಲಿನ ಸದ್ದು ಇಳಿದಾಗ ಒಳಗಿನದು ದೊಡ್ಡದಾಗಿ ತೋರುವುದು ಸಹಜ. ಅದಕ್ಕೆ ಮದ್ದು ಸ್ವಲ್ಪ ಹೊರಗಿನ ಸದ್ದನ್ನು ಮರಳಿ ತರುವುದು. ಫ್ರಾನ್ಸಿನ ಕಿವಿವೈದ್ಯ ಇಟಾರ್ 1821ರ ತನ್ನ ಗ್ರಂಥದಲ್ಲೇ ಇದನ್ನು ಹೇಳಿದ್ದ: ಹಸಿ ಕಟ್ಟಿಗೆ ಚಟಪಟಿಸುವ ಒಲೆಯ ಬಳಿ ಇರಿ, ನೀರಿನ ಗಿರಣಿಯ ಹತ್ತಿರ ಮಲಗಿ ಎಂದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಉರಿಯಲ್ಲಿ ಫ್ಯಾನೂ ಏರ್‌ಕೂಲರೂ ಆ ಕೆಲಸ ಮಾಡುತ್ತವೆ. ಆದರೆ ಕರೆಂಟು ಹೋಗುತ್ತದೆ. ಫ್ಯಾನು ನಿಂತ ಕ್ಷಣ ಸದ್ದು ಒಮ್ಮೆಲೇ ಕಿವಿತುಂಬ ಏರಿ ಎಷ್ಟೋ ಜನ ಎದ್ದು ಕೂರುತ್ತಾರೆ. ಸದ್ದು ಹೆಚ್ಚಾದದ್ದಲ್ಲ, ಫ್ಯಾನು ನಿಂತದ್ದು ಎಂದು ಆ ಹೊತ್ತಿನಲ್ಲಿ ತಮಗೆ ತಾವು ಹೇಳಿಕೊಳ್ಳುವುದೇ ಅರ್ಧ ಚಿಕಿತ್ಸೆ. ಬ್ಯಾಟರಿಯ ರೇಡಿಯೊ, ಫೋನಿನಲ್ಲಿ ಇಳಿಸಿಟ್ಟ ಮಳೆಯ ಸದ್ದು ಜೊತೆಗಿರಲಿ. ಮಾಳಿಗೆಯ ಮೇಲೆ ಮಲಗುವವರಿಗೆ ಬಯಲಿನ ಜೀರುಂಡೆ, ಗಾಳಿ, ದೂರದ ರೈಲು ಇವೆಲ್ಲ ಪುಕ್ಕಟೆ. ಹಗಲಿನಲ್ಲಿ ಕಲಬುರಗಿ ಆಕಾಶವಾಣಿ ಸಣ್ಣಗೆ ಹಾಡುತ್ತಿರಲಿ. ರಜೆಯ ದಿನ ಸುರಪುರದ ಸಮೀಪದ ಬೋನಾಳ ಕೆರೆಯ ದಂಡೆಯಲ್ಲಿ ಹಕ್ಕಿಗಳ ಸದ್ದು ಕೇಳುತ್ತ ಕೂರಬಹುದು. ಒಂದೇ ಎಚ್ಚರ: ಹೊರಗಿನ ಸದ್ದು ಮೊರೆತವನ್ನು ಪೂರ್ತಿ ಮುಳುಗಿಸುವಷ್ಟು ಜೋರಾಗಬಾರದು. ಎರಡೂ ಕೇಳುವಂತಿದ್ದರೆ ಮಿದುಳು ಒಳಗಿನದನ್ನು ಕಡೆಗಣಿಸಲು ಕಲಿಯುತ್ತದೆ. ಸದ್ದಿನ ಚಿಕಿತ್ಸೆ ಮೊರೆತವನ್ನು ಗುಣಪಡಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಅದು ರಾತ್ರಿಯನ್ನು ದಾಟಿಸುವ ಊರುಗೋಲು. ಇಯರ್‌ಫೋನ್ ತುರುಕಿಕೊಂಡು ಮಲಗಬೇಡಿ. ಗದ್ದಲವಿಲ್ಲದ ಕಡೆ ಸದಾ ಕಿವಿ ಮುಚ್ಚಿಕೊಂಡಿರುವುದೂ ತಪ್ಪು; ಕಿವಿ ಇನ್ನಷ್ಟು ಸೂಕ್ಷ್ಮವಾಗಿ ಪಾತ್ರೆ ಬಿದ್ದ ಸದ್ದೂ ಚುಚ್ಚತೊಡಗುತ್ತದೆ.

ಕೇಳುವಿಕೆ ಕುಗ್ಗಿದವರಿಗೆ ಶ್ರವಣಸಾಧನ ಎರಡು ಲಾಭ ಕೊಡುತ್ತದೆ. ಮಾತು ಕೇಳುತ್ತದೆ, ಹೊರಗಿನ ಸದ್ದು ಒಳಬಂದಂತೆ ಮೊರೆತವೂ ಅನೇಕರಿಗೆ ಹಿಂದೆ ಸರಿಯುತ್ತದೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಬಡವರಿಗೆ ಇದು ಉಚಿತವಾಗಿ ಸಿಗಬಹುದು. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶ್ರವಣದೋಷವನ್ನು ಎರಡೂ ಕಿವಿಗಳಲ್ಲಿ 60 ಡೆಸಿಬೆಲ್ ನಷ್ಟದಿಂದ ಲೆಕ್ಕ ಹಿಡಿಯುತ್ತದೆ. ಮೊರೆತವೊಂದೇ ಇದ್ದವರಿಗೆ ಅದರಲ್ಲಿ ಜಾಗವಿಲ್ಲ.

ಮೊರೆತವನ್ನು ಮುಚ್ಚಿಟ್ಟುಕೊಂಡವರಲ್ಲಿ ಜಗತ್ತೇ ಬಲ್ಲ ಒಬ್ಬನಿದ್ದಾನೆ. ಬೀಥೋವನ್ 1801ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ವೈದ್ಯಗೆಳೆಯ ವೆಗೆಲರ್‌ಗೆ ಬರೆದ ಪತ್ರದಲ್ಲಿ ತನ್ನ ಕಿವಿ ಹಗಲಿರುಳು ಮೊರೆಯುವುದನ್ನೂ ಸುಮಾರು ಎರಡು ವರ್ಷ ಜನರ ಸಹವಾಸ ತಪ್ಪಿಸಿಕೊಂಡದ್ದನ್ನೂ ತೋಡಿಕೊಂಡ. ಅವನ ಐದನೆಯ ಸಿಂಫನಿ 1808ರದು, ಒಂಬತ್ತನೆಯದು 1824ರದು. ಅವನಂತೆ ಆಗಿ ಎಂದು ಯಾರಿಗೂ ಹೇಳಬೇಕಿಲ್ಲ. ಆ ಎರಡು ವರ್ಷಗಳ ಅಡಗಿಕೊಳ್ಳುವಿಕೆ ಮಾತ್ರ ಯಾರಿಗೂ ಬೇಡ ಎನ್ನಬೇಕು. ಮನೆಯವರೂ ದಿನಕ್ಕೆ ನಾಲ್ಕು ಸಲ "ಈಗರೆ ಕಮ್ಮಿ ಆಗ್ಯಾದೇನು?" ಎಂದು ಕೇಳಬಾರದು; ಪ್ರತಿ ಪ್ರಶ್ನೆಯೂ ಮರೆತವನಿಗೆ ನೆನಪು ಮಾಡಿಕೊಡುತ್ತದೆ. ಕೆಲಸಕ್ಕೆ, ಸಂತೆಗೆ, ಮದುವೆಗೆ ಜೊತೆ ಕರೆದೊಯ್ಯಿರಿ. ಡಿಜೆಯಿಂದ ದೂರ ಕೂರಿಸಿ. ಬಹುಪಾಲು ಜನರಿಗೆ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಸದ್ದು ಇದ್ದೂ ಇಲ್ಲದಂತಾಗುತ್ತದೆ. ನಡುನಡುವೆ ಜ್ವರ, ದಣಿವು, ಚಿಂತೆಯ ದಿನ ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ.

ಈಗ ಜಿಲ್ಲೆಯ ವ್ಯವಸ್ಥೆಯ ಮಾತು. ಕಿವಿಯ ವಿಷಯದಲ್ಲಿ ರಾಜ್ಯಕ್ಕೆ ದೊಡ್ಡ ಸಂಸ್ಥೆಯಿದೆ, 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಆದರೆ ಅದು ರಾಜ್ಯದ ಇನ್ನೊಂದು ತುದಿಯಲ್ಲಿದೆ. ಇಲ್ಲಿಯವರು ಹಿಂದಿನಿಂದ ಕಲಬುರಗಿ, ರಾಯಚೂರು, ಹೈದರಾಬಾದುಗಳಿಗೆ ಎಡತಾಕಿದವರು. ಈಗ ಯಾದಗಿರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಯಿಮ್ಸ್ ಬಂದಿದೆ. ವೈದ್ಯಕೀಯ ಕಾಲೇಜು ಎಂದಮೇಲೆ ಕಿವಿ-ಮೂಗು-ಗಂಟಲು ವಿಭಾಗ ಇರಲೇಬೇಕು. ಮೊರೆತದ ರೋಗಿಗೆ ಬೇಕಾದದ್ದು ದುಬಾರಿ ಯಂತ್ರವಲ್ಲ: ಒಂದು ಶ್ರವಣಪರೀಕ್ಷೆ, ಕಿವಿಯೊಳಗೆ ನೋಡುವ ಒಬ್ಬ ವೈದ್ಯ, ಅರ್ಧ ತಾಸು ಕೂತು ಮಾತಾಡುವ ಒಬ್ಬ ಆಡಿಯಾಲಜಿಸ್ಟ್ ಅಥವಾ ಆಪ್ತಸಮಾಲೋಚಕ. ಆ ಮಾತು ಜನರ ಭಾಷೆಯಲ್ಲಿರಬೇಕು. 2011ರಲ್ಲಿ ಯಾದಗಿರಿಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಕನಿಷ್ಠ. ಕರಪತ್ರ ಹಂಚಿದರೆ ಮುಗಿಯಿತು ಎನ್ನುವ ಹಾಗಿಲ್ಲ. ಕನ್ನಡದ ಜೊತೆಗೆ ತಾಂಡಾಗಳ ಲಂಬಾಣಿಯಲ್ಲಿ, ದಖನಿ ಉರ್ದುವಿನಲ್ಲಿ, ಗುರುಮಠಕಲ್ ಕಡೆಯ ತೆಲುಗಿನಲ್ಲಿ ಹೇಳುವವರು ಬೇಕು.

ಶಹಾಪುರ, ಸುರಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ನಿಗದಿತ ದಿನ ಶ್ರವಣಪರೀಕ್ಷೆ ನಡೆಯುವಂತಾದರೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಮಾಲೋಚಕರಿಗೆ ಕಿವಿಮೊರೆತದ ಬಗ್ಗೆ ಒಂದೆರಡು ದಿನದ ತರಬೇತಿ ಕೊಟ್ಟರೆ, ಈ ಸೀಮೆಯ ಬಹುಪಾಲು ರೋಗಿಗಳು ಬಸ್ಸು ಹತ್ತಿ ದೂರದ ಊರಿಗೆ ಹೋಗಬೇಕಾಗಿಲ್ಲ. ಗದ್ದಲದ ಕಡೆಯೂ ಹೊಸ ಕಾನೂನು ಬೇಕಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ; ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಕ್ರಮ ಕೈಗೊಳ್ಳುವ ಅಧಿಕಾರ ಜಿಲ್ಲಾಧಿಕಾರಿಗೂ ಡಿವೈಎಸ್‌ಪಿ ದರ್ಜೆಯ ಪೊಲೀಸ್ ಅಧಿಕಾರಿಗೂ ಇದೆ. ದೇವರ ಹೆಸರಿನ ಮೆರವಣಿಗೆ ಎಂಬ ಸಂಕೋಚಕ್ಕೆ ಅವರು ಸುಮ್ಮನಾದಷ್ಟು ದಿನ ಹೊಸ ಕಿವಿಗಳು ಹಾಳಾಗುತ್ತಲೇ ಇರುತ್ತವೆ.

ಸದ್ದು ಶುರುವಾಗಿ ನಿದ್ದೆಗೆಟ್ಟು ಇದನ್ನು ಓದುತ್ತಿರುವವರಿಗೆ: ಕಿವಿಯೊಂದು ಏಕಾಏಕಿ ಮಂದವಾಗಿದ್ದರೆ ನಾಳೆಗೆ ಬಿಡಬೇಡಿ, ಇಂದೇ ಹೋಗಿ. ಹಾಗಿಲ್ಲದಿದ್ದರೂ ಒಂದು ಸಲ ಕಿವಿ-ಮೂಗು-ಗಂಟಲು ವೈದ್ಯರನ್ನು ಕಂಡು ಶ್ರವಣಪರೀಕ್ಷೆ ಮಾಡಿಸಿಕೊಳ್ಳಿ. ಬದುಕೇ ಬೇಡ ಎನ್ನುವಷ್ಟು ಕಂಗೆಟ್ಟಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ ನಡೆಯುವ ಆ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು.